ಖಾಲಿ ಗ್ಯಾಲರಿಯ ಮುಂದೆ ಕ್ಲಾರಿನೆಟ್

ಮೊನ್ನೆ ಮಂಗಳವಾರ ರಾತ್ರಿ ಒಂಬತ್ತೂವರೆಗೆ, ಮೂಗಿನ ತುದಿ ಇದೆಯೋ ಇಲ್ಲವೋ ತಿಳಿಯದಂಥ ಚಳಿಯಲ್ಲಿ, ಅಲ್ಯೂಮಿನಿಯಂ ಬೆಂಚಿನ ಮೇಲೆ ಕುಳಿತು ಎದುರಿನ ಗ್ಯಾಲರಿಯಲ್ಲಿರುವ ಜನರನ್ನು ಎಣಿಸುತ್ತಿದ್ದೆ. ಒಂದು ಅಮೆರಿಕನ್ ಫುಟ್‌ಬಾಲ್ (ಹೆಲ್ಮೆಟ್ ಹಾಕಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಕ್ರೀಡಾಂಗಣದಲ್ಲಿ ಜನರನ್ನು ಒಬ್ಬೊಬ್ಬರಾಗಿ ಎಣಿಸಿ ಮುಗಿಸಲು ಸಾಧ್ಯವಾಗಬಾರದು. ನನಗೆ ಸಾಧ್ಯವಾಯಿತು. ಅರವತ್ತೆಂಟು. ಅವರಲ್ಲಿ ಇಬ್ಬರು ಹಳದಿ ಜಾಕೆಟ್ಟಿನ ಭದ್ರತಾ ಸಿಬ್ಬಂದಿ, ಒಬ್ಬಾತ ಕಂಬಳಿ ಹೊದ್ದು ನಿದ್ದೆ ಮಾಡುತ್ತಿದ್ದ.

ನಾನು ಅಲ್ಲಿಗೆ ಹೋಗಿದ್ದು ಆಟಕ್ಕಲ್ಲ. ಮಗಳು ಅಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ, ಕಾಲೇಜಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಅವಳ ಓದು ಇನ್ನೂ ಎರಡೂವರೆ ವರ್ಷ ಬಾಕಿ ಇದೆ. ಮಿಷಿಗನ್‌ನಲ್ಲಿರುವ ನಮ್ಮ ಮನೆಯಿಂದ ಎರಡು ಗಂಟೆಯ ದಾರಿ ಎಂದರೆ ಸಾಕು. ಕಚೇರಿಯಿಂದ ನಾಲ್ಕಕ್ಕೇ ಎದ್ದು ಕಾರು ಓಡಿಸಿಕೊಂಡು ಹೋದೆ. ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಗೇಟಿನಲ್ಲಿ ಒಳಗೆ ಬಿಡಲಿಲ್ಲ. ಇಡೀ ಊರೇ ನುಗ್ಗಿ ಬರುವುದಕ್ಕೆ ಸಿದ್ಧವಾದ ಬಂದೋಬಸ್ತು. ಬಂದವರು ನಾವು ಒಂದಷ್ಟು ಬ್ಯಾಂಡಿನ ಮಕ್ಕಳ ತಂದೆತಾಯಿಯರು.

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ಊರಿನವರಿಗೆ ನೆನಪಾಗುವುದು ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆ್ಯನ್ ಆರ್ಬರ್‌ನಲ್ಲಿ ಲಕ್ಷ ಜನ ಕಿಕ್ಕಿರಿದ ಚಿತ್ರ. ಅದು ಸುಳ್ಳಲ್ಲ. 1927ರಲ್ಲಿ ಕಟ್ಟಿದ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಆಸನಗಳಿವೆ. 1975ರಿಂದ ಈಚೆಗೆ, ಕೋವಿಡ್‌ನ 2020ನೇ ವರ್ಷವೊಂದನ್ನು ಬಿಟ್ಟರೆ, ಪ್ರತಿ ತವರಿನ ಪಂದ್ಯಕ್ಕೂ ಒಂದು ಲಕ್ಷಕ್ಕಿಂತ ಹೆಚ್ಚು ಪ್ರೇಕ್ಷಕರು ಎಂಬ ದಾಖಲೆ ಅಲ್ಲಿದೆ. ಆದರೆ ಅಲ್ಲಿಂದ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದ ಇಪ್ಸಿಲಾಂಟಿಯಲ್ಲಿ ಇನ್ನೊಂದು ಕ್ರೀಡಾಂಗಣವಿದೆ, ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ್ದು. ಮೂವತ್ತು ಸಾವಿರ ಜನ ಕೂರಬಹುದಾದ ಅದರ ಚಿತ್ರವನ್ನು ಯಾರೂ ಕ್ಯಾಲೆಂಡರಿಗೆ ಹಾಕಿಸುವುದಿಲ್ಲ. ಕಾಲೇಜು ಫುಟ್‌ಬಾಲಿನ ಹೆಚ್ಚಿನ ಪಾಲು ಇರುವುದು ಈ ಎರಡನೆಯ ಬಗೆಯ ಕ್ರೀಡಾಂಗಣಗಳಲ್ಲಿ.

ಪಂದ್ಯದ ಹಿಂದಿನ ದಿನ ಮಗಳಿಗೆ ಕ್ರೀಡಾ ವಿಭಾಗದಿಂದ ಒಂದು ಇಮೇಲ್ ಬಂದಿತ್ತಂತೆ. ‘ನಿಮ್ಮ ತಂಡ ನಿಮ್ಮನ್ನು ಕಾಯುತ್ತಿದೆ, ಮೊದಲು ಬಂದ ಐನೂರು ಮಂದಿಗೆ ಟೀ ಶರ್ಟು, ಪಿಜ್ಜಾ ಉಚಿತ’ ಎಂಬ ಅರ್ಥದ್ದು. ಜೊತೆಗೆ, ಕಳೆದ ಪಂದ್ಯಕ್ಕೆ ವಿದ್ಯಾರ್ಥಿಗಳು ಬಾರದಿದ್ದುದು ಬೇಸರ ತಂದಿತೆಂಬ ಒಂದು ಸಾಲು. ಆ ಸಾಲು ಓದಿ ನನಗೆ ಸಿಟ್ಟು ಬಂತು. ಬುಧವಾರ ಬೆಳಿಗ್ಗೆ ಎಂಟಕ್ಕೆ ರಸಾಯನಶಾಸ್ತ್ರದ ಪರೀಕ್ಷೆ ಇಟ್ಟುಕೊಂಡ ಹುಡುಗ ಮಂಗಳವಾರ ರಾತ್ರಿ ಹನ್ನೊಂದರವರೆಗೆ ಚಳಿಯಲ್ಲಿ ಕೂರಲಿಲ್ಲ ಎಂದು ಬೇಸರವೇ? ಆ ಹುಡುಗ ಕಟ್ಟಿದ ಶುಲ್ಕದಲ್ಲಿ ಕ್ರೀಡಾ ವಿಭಾಗದ ಪಾಲು ಮೊದಲೇ ಸೇರಿದೆ. ಟಿಕೆಟ್ ‘ಉಚಿತ’ ಎನ್ನುತ್ತಾರೆ. ನಮ್ಮ ಜೇಬಿನಿಂದಲೇ ತೆಗೆದು ನಮಗೇ ಉಡುಗೊರೆ ಕೊಟ್ಟಂತೆ.

ಇಷ್ಟಕ್ಕೂ ಮಂಗಳವಾರ ಏಕೆ? ಕಾಲೇಜು ಫುಟ್‌ಬಾಲ್ ಎಂದರೆ ಶನಿವಾರ, ಅದು ತಲೆತಲಾಂತರದ ರೂಢಿ. ಆದರೆ ಶನಿವಾರ ದೊಡ್ಡವರ ಸಂತೆ. ಮಿಷಿಗನ್, ಓಹಾಯೊ ಸ್ಟೇಟ್, ಅಲಬಾಮ ಆಡುವ ದಿನ ಸಣ್ಣ ತಂಡಗಳ ಆಟಕ್ಕೆ ಟಿವಿಯಲ್ಲಿ ಜಾಗವಿಲ್ಲ. ಹಾಗಾಗಿ ನಮ್ಮ ಸೀಮೆಯ ಸಣ್ಣ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಮಿಡ್-ಅಮೆರಿಕನ್ ಕಾನ್ಫರೆನ್ಸ್, ನವೆಂಬರ್ ಬಂತೆಂದರೆ ತನ್ನ ಪಂದ್ಯಗಳನ್ನು ಮಂಗಳವಾರ, ಬುಧವಾರ ರಾತ್ರಿಗೆ ಒಯ್ಯುತ್ತದೆ. ಆ ರಾತ್ರಿಗಳಲ್ಲಿ ಟಿವಿಗೆ ಬೇರೆ ಕಾಲೇಜು ಫುಟ್‌ಬಾಲ್ ಹೆಚ್ಚಾಗಿ ಇರುವುದಿಲ್ಲ, ದೇಶವೆಲ್ಲ ಇವರನ್ನೇ ನೋಡುತ್ತದೆ. ಒಕ್ಕೂಟದ ಚುಟುಕು ಹೆಸರಾದ ‘ಮ್ಯಾಕ್’ಗೆ ‘ಆ್ಯಕ್ಷನ್’ ಸೇರಿಸಿ, ಇದಕ್ಕೆ ಅಭಿಮಾನಿಗಳು ‘ಮ್ಯಾಕ್ಷನ್’ ಎಂದು ಪ್ರೀತಿಯಿಂದ ಹೆಸರಿಟ್ಟಿದ್ದಾರೆ. ಬೆಚ್ಚಗಿನ ಸೋಫಾದಿಂದ ನೋಡುವವರ ಪ್ರೀತಿ ಅದು. ಒಕ್ಕೂಟದವರ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ, ಅವರಿಗೆ ಹಣ ಬೇಕು, ಹೆಸರು ಬೇಕು. ಗ್ಯಾಲರಿಯನ್ನು ಟಿವಿಗೆ ಮಾರಿಕೊಂಡ ಮೇಲೆ ಗ್ಯಾಲರಿ ಖಾಲಿಯಾಯಿತು ಎಂದು ಮಕ್ಕಳ ಮೇಲೆ ಮುನಿಯುವುದು ಮಾತ್ರ ಅರ್ಥವಾಗುವುದಿಲ್ಲ.

ಟಿವಿ ಬಂದರೆ ಜನ ಬರುವುದಿಲ್ಲ ಎಂಬುದು ಹೊಸ ಜ್ಞಾನೋದಯವೂ ಅಲ್ಲ. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ 1951ರಲ್ಲೇ ಈ ಭಯದಿಂದ ನೇರ ಪ್ರಸಾರಕ್ಕೆ ಕಡಿವಾಣ ಹಾಕಿತ್ತು. 1980ರ ದಶಕದ ಆರಂಭದಲ್ಲೂ ಒಂದು ತಂಡ ಎರಡು ವರ್ಷಗಳಲ್ಲಿ ಆರು ಬಾರಿಗಿಂತ ಹೆಚ್ಚು ಟಿವಿಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಿಂದ, ಎನ್‌ಸಿಎಎ ಹೀಗೆ ಹಿಡಿತ ಇಟ್ಟುಕೊಳ್ಳುವುದು ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧ ಎಂದಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಭಿನ್ನಮತದ ಇಬ್ಬರಲ್ಲಿ ಒಬ್ಬರು ಬೈರನ್ ವೈಟ್. ನನಗೆ ಇಷ್ಟವಾಗುವ ಸಂಗತಿ ಇದು: ಕೊಲರಾಡೊ ವಿಶ್ವವಿದ್ಯಾಲಯದ ಪರ ಆಡಿ, 1930ರ ದಶಕದಲ್ಲಿ ದೇಶವೇ ಕೊಂಡಾಡಿದ ಫುಟ್‌ಬಾಲ್ ತಾರೆಯಾಗಿದ್ದವರು ಆ ಪೀಠದ ಈ ವೈಟ್. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರದ ತಕ್ಕಡಿಯಲ್ಲಿ ತೂಗಬಾರದು ಎಂದವರು, ಮೈದಾನದ ಮಣ್ಣು ಮೆತ್ತಿಸಿಕೊಂಡಿದ್ದ ಆ ನ್ಯಾಯಮೂರ್ತಿ. ಅವರ ಮಾತು ಸೋತಿತು. ಆಮೇಲೆ ಕಟ್ಟೆ ಒಡೆದಂತೆ ಪ್ರಸಾರ ಹರಿಯಿತು.

ಕಾನೂನಿನ ಮಟ್ಟಿಗೆ ಬಹುಮತವೇ ಸರಿ ಇರಬಹುದು, ನಾನು ವಕೀಲನಲ್ಲ. ಆದರೆ ಟಿವಿ ಮೈದಾನಕ್ಕೆ ಏನು ಮಾಡುತ್ತದೆ ಎಂದು ನೋಡಬೇಕಾದರೆ ಅಲ್ಲೇ ಕೂರಬೇಕು. ಆಟದ ಗಡಿಯಾರ ಅರವತ್ತು ನಿಮಿಷದ್ದು, ಆಟ ಮುಗಿಯಲು ಹಿಡಿಯುವುದು ಮೂರೂವರೆ ಗಂಟೆ. ಮೈದಾನದ ಅಂಚಿನಲ್ಲಿ ಟಿವಿಯವರ ಕಡೆಯ ಒಬ್ಬ ನಿಂತಿರುತ್ತಾನೆ. ಅವನು ಒಳಗೆ ಹೆಜ್ಜೆ ಇಟ್ಟನೆಂದರೆ ಜಾಹೀರಾತು ಶುರುವಾಯಿತೆಂದು ಅರ್ಥ. ಇಪ್ಪತ್ತೆರಡು ಜನ ಆಟಗಾರರು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಮನೆಯಲ್ಲಿರುವವರು ಎದ್ದು ಅಡುಗೆಮನೆಗೆ ಹೋಗಿ ಬರುತ್ತಾರೆ. ನಾವು ಆ ಮನುಷ್ಯನನ್ನೇ ನೋಡುತ್ತಾ ಕೂರುತ್ತೇವೆ. ಮೊನ್ನೆ ಅವನು ಎಷ್ಟು ಸಲ ಒಳಗೆ ಬಂದನೆಂದರೆ, ನನಗೆ ಎದುರಾಳಿ ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಮುಖ ನೆನಪಿಲ್ಲ, ಇವನ ನಡಿಗೆ ನೆನಪಿದೆ.

ಇನ್ನೊಂದು ನೋವು ಬ್ಯಾಂಡಿನದು. ಅರ್ಧ ಆಟ ಮುಗಿದಾಗ ಇಪ್ಪತ್ತು ನಿಮಿಷದ ವಿರಾಮ. ಆಗ ಬ್ಯಾಂಡು ಮೈದಾನಕ್ಕಿಳಿಯುತ್ತದೆ. ಆಗಸ್ಟಿನ ಬಿಸಿಲಿನಿಂದ ಈ ಮಕ್ಕಳು ಹೆಜ್ಜೆ ಕಲಿತಿರುತ್ತಾರೆ, ಎಷ್ಟು ಗಜಕ್ಕೆ ಎಷ್ಟು ಹೆಜ್ಜೆ ಎಂಬ ಲೆಕ್ಕ ಬಾಯಿಪಾಠವಿರುತ್ತದೆ. ನನ್ನ ಹೆಂಡತಿ ಮಗಳನ್ನು ನೋಡಬೇಕೆಂದು ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದಳು. ಟಿವಿ ತೋರಿಸಿದ್ದು ಸೂಟು ಹಾಕಿದ ಮೂವರು ಗಂಡಸರು ಸ್ಟುಡಿಯೋದಲ್ಲಿ ಮಾತನಾಡುವುದನ್ನು, ಮತ್ತೆ ಟ್ರಕ್ಕಿನ ಜಾಹೀರಾತನ್ನು. ‘ಎಲ್ಲಿದ್ದಾಳೆ? ಕಾಣುತ್ತಲೇ ಇಲ್ಲವಲ್ಲ’ ಎಂದು ಮೆಸೇಜು ಕಳಿಸಿದಳು. ಇತ್ತ ಪಿಜ್ಜಾಕ್ಕೆ ಬಂದಿದ್ದ ಮಕ್ಕಳೆಲ್ಲ ಟೀ ಶರ್ಟು ಹೆಗಲಿಗೆ ಹಾಕಿಕೊಂಡು ವಿರಾಮಕ್ಕೆ ಮೊದಲೇ ಗೇಟು ದಾಟಿದ್ದರು. ಮನೆಯಲ್ಲಿರುವವರಿಗೆ ಬ್ಯಾಂಡು ಕಾಣಲಿಲ್ಲ, ಕಾಣುವ ಜಾಗದಲ್ಲಿ ಜನರಿರಲಿಲ್ಲ. ಊರಿನಲ್ಲಿ ಬೆಳಗಿನ ಜಾವದವರೆಗೆ ಖಾಲಿ ಕುರ್ಚಿಗಳ ಮುಂದೆ ಕುಣಿಯುವ ಯಕ್ಷಗಾನದ ವೇಷಧಾರಿಗಳನ್ನು ನೋಡಿದ್ದೇನೆ. ಅವರಿಗಾದರೂ ಯಾರೋ ಹರಕೆ ಹೊತ್ತು ಆಡಿಸಿರುತ್ತಾರೆ.

ಮಕ್ಕಳು ಅರ್ಧಕ್ಕೇ ಎದ್ದು ಹೋಗುವುದು ಸಣ್ಣ ಕಾಲೇಜುಗಳ ರೋಗ ಮಾತ್ರವಲ್ಲ. ಗೆದ್ದು ಗೆದ್ದು ಸುಸ್ತಾದ ಅಲಬಾಮದಲ್ಲೂ ತರಬೇತುದಾರ ನಿಕ್ ಸೇಬನ್ ಇದೇ ದೂರು ಹೇಳುತ್ತಿದ್ದರು. 2019ರಲ್ಲಿ ಅಲ್ಲಿ ಒಂದು ಆ್ಯಪ್ ತಂದರು. ವಿದ್ಯಾರ್ಥಿಯ ಮೊಬೈಲ್ ಎಲ್ಲಿದೆ ಎಂದು ಅದು ಪತ್ತೆ ಹಚ್ಚುತ್ತಿತ್ತು, ಕೊನೆಯ ಕಾಲು ಭಾಗದವರೆಗೆ ಕ್ರೀಡಾಂಗಣದಲ್ಲೇ ಉಳಿದವರಿಗೆ ಅಂಕ ಕೊಡುತ್ತಿತ್ತು, ಅಂಕ ಹೆಚ್ಚಿದ್ದವರಿಗೆ ದೊಡ್ಡ ಪಂದ್ಯಗಳ ಟಿಕೆಟಿನಲ್ಲಿ ಆದ್ಯತೆ. ಇದನ್ನು ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಹಾಜರಾತಿ ಕೊರತೆಯ ನೋಟಿಸು ಬೋರ್ಡಿನಲ್ಲಿ ತನ್ನ ನಂಬರು ಹುಡುಕಿದ ಯಾವ ಕನ್ನಡಿಗ ಇಂಜಿನಿಯರಿಗೂ ಮುಂದಿನದು ಗೊತ್ತು: ಒಬ್ಬ ಸಾಧು ಪ್ರಾಣಿ ಹತ್ತು ಜನರ ಮೊಬೈಲು ಚೀಲದಲ್ಲಿ ಹಾಕಿಕೊಂಡು ಕೊನೆಯವರೆಗೆ ಕೂತಿರುತ್ತಾನೆ, ಉಳಿದವರು ಹಾಸ್ಟೆಲಿನಲ್ಲಿರುತ್ತಾರೆ. ಅಲಬಾಮದಲ್ಲಿ ಹಾಗೆ ನಡೆಯಿತು ಎನ್ನುತ್ತಿಲ್ಲ. ನಮ್ಮ ಕಾಲೇಜಿನವರ ಕೈಗೆ ಆ ಆ್ಯಪ್ ಸಿಕ್ಕಿದ್ದರೆ ಮೊದಲ ವಾರವೇ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಪಂದ್ಯದ ವರದಿಯಲ್ಲಿ ಪ್ರೇಕ್ಷಕರ ಸಂಖ್ಯೆ ನೋಡಿದೆ. ಹತ್ತು ಸಾವಿರಕ್ಕೂ ಹೆಚ್ಚು! ಇಷ್ಟು ಜನ ಎಲ್ಲಿ ಅಡಗಿ ಕುಳಿತಿದ್ದರೋ. ಇಲ್ಲಿ ಪ್ರಕಟಿಸುವುದು ಬಂದವರ ಲೆಕ್ಕವಲ್ಲ, ಮಾರಿದ, ಹಂಚಿದ ಟಿಕೆಟುಗಳ ಲೆಕ್ಕ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗೇಟಿನಲ್ಲಿ ನಿಜವಾಗಿ ಸ್ಕ್ಯಾನ್ ಆದ ಟಿಕೆಟುಗಳನ್ನು ಹುಡುಕಿ ತೆಗೆದಾಗ, ಹಿಂದಿನ ವರ್ಷ ಬಂದವರು ಘೋಷಿಸಿದ ಸಂಖ್ಯೆಯ ಸುಮಾರು ಶೇ 71 ಮಾತ್ರ ಎಂದು ತಿಳಿಯಿತು. ಸರಾಸರಿ ಇದು. ಸಣ್ಣ ಕಾಲೇಜುಗಳ ಸ್ಥಿತಿ ಊಹಿಸಿಕೊಳ್ಳಿ.

ಸುಳ್ಳು ಲೆಕ್ಕಕ್ಕೆ ನಿಯಮವೇ ಒಂದು ಕಾರಣವಾಗಿತ್ತು. ಅಗ್ರ ದರ್ಜೆಯಲ್ಲಿ ಉಳಿಯಬೇಕಾದರೆ ಎರಡು ವರ್ಷಕ್ಕೊಮ್ಮೆಯಾದರೂ ತವರಿನ ಪಂದ್ಯಗಳಿಗೆ ಸರಾಸರಿ 15,000 ಪ್ರೇಕ್ಷಕರು ಇರಬೇಕೆಂದು ಎನ್‌ಸಿಎಎ ಹೇಳುತ್ತಿತ್ತು. ಟಿಕೆಟ್ ಮಾರಾಟವಾಗಿದ್ದರೂ ಸಾಕು, ಜನ ಬರಲೇಬೇಕೆಂದಿಲ್ಲ! ಈಸ್ಟರ್ನ್ ಮಿಷಿಗನ್‌ನವರು ತಂಪು ಪಾನೀಯ ಕಂಪನಿಯ ಒಪ್ಪಂದದ ಹಣದಲ್ಲಿ ತಮ್ಮ ಟಿಕೆಟುಗಳನ್ನು ತಲಾ ಮೂರು ಡಾಲರಿನಂತೆ ತಾವೇ ಕೊಂಡು ಈ ಗೆರೆ ದಾಟಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಕೊನೆಗೆ 2023ರಲ್ಲಿ ಎನ್‌ಸಿಎಎ ಆ ನಿಯಮವನ್ನೇ ಕೈಬಿಡಲು ತೀರ್ಮಾನಿಸಿತು. ಪರೀಕ್ಷೆಯಲ್ಲಿ ಯಾರೂ ಪಾಸಾಗದಿದ್ದರೆ ಪರೀಕ್ಷೆಯನ್ನೇ ತೆಗೆಯುವುದು ಅಲ್ಲೂ ಇದೆ.

‘ತಂಡ ಗೆದ್ದರೆ ಜನ ತಾವಾಗಿ ಬರುತ್ತಾರೆ’ ಎಂದು ನನ್ನ ಸಹೋದ್ಯೋಗಿಯೊಬ್ಬ ವಾದಿಸುತ್ತಾನೆ. ಸ್ವಲ್ಪ ನಿಜ. ಆದರೆ ಇದೇ ಇಪ್ಸಿಲಾಂಟಿಯ ತಂಡವನ್ನೇ ನೋಡಿ. 2017ರಲ್ಲಿ ರಟ್ಗರ್ಸ್, 2018ರಲ್ಲಿ ಪರ್ಡ್ಯೂ, 2019ರಲ್ಲಿ ಇಲಿನಾಯ್, ಹೀಗೆ ಮೂರು ವರ್ಷ ಸತತವಾಗಿ ದೊಡ್ಡ ಒಕ್ಕೂಟದ ತಂಡಗಳನ್ನು ಮಣಿಸಿತು. 2022ರಲ್ಲಿ ಅರಿಜೋನ ಸ್ಟೇಟನ್ನು ಸೋಲಿಸಿದಾಗ ಆ ತಂಡದ ತರಬೇತುದಾರ ಮರುದಿನವೇ ಹುದ್ದೆ ಕಳೆದುಕೊಂಡ. ಎಂಥ ಗೆಲುವುಗಳು! ನಾಲ್ಕೂ ಎದುರಾಳಿಯ ಅಂಗಳದಲ್ಲಿ. ಏಕೆಂದರೆ ದೊಡ್ಡ ಕಾಲೇಜುಗಳು ಸಣ್ಣವನ್ನು ತಮ್ಮಲ್ಲಿಗೆ ಬಂದು ಆಡಲು, ಅಂದರೆ ಸಾಮಾನ್ಯವಾಗಿ ಸೋತು ಹೋಗಲು, ದುಡ್ಡು ಕೊಟ್ಟು ಕರೆಸುತ್ತವೆ. ಆ ದುಡ್ಡಿನಿಂದ ಸಣ್ಣ ಕಾಲೇಜಿನ ಕ್ರೀಡಾ ವಿಭಾಗ ಉಸಿರಾಡುತ್ತದೆ. ವರ್ಷದ ಅತ್ಯುತ್ತಮ ಆಟವನ್ನು ಪರ ಊರಿಗೆ ಮಾರಿ, ಉಳಿದದ್ದನ್ನು ಮಂಗಳವಾರ ರಾತ್ರಿ ತವರಿನವರಿಗೆ ಬಡಿಸುತ್ತಾರೆ. ಹಬ್ಬದಡುಗೆಯನ್ನು ನೆರೆಮನೆಗೆ ಕಳಿಸಿ ಮನೆಯ ಮಕ್ಕಳಿಗೆ ತಂಗಳು ಇಟ್ಟು, ಏಕೆ ಉಣ್ಣುತ್ತಿಲ್ಲ ಎಂದು ಗದರಿದ ಹಾಗೆ.

ದೂರದ ಮಾತನ್ನೂ ಹೇಳಿಬಿಡುತ್ತೇನೆ. ಲಾಸ್ ಏಂಜಲಿಸ್‌ನ ಯುಸಿಎಲ್ಎ ತಂಡ 1982ರಿಂದ ಪ್ಯಾಸಡೀನಾದ ರೋಸ್ ಬೌಲ್‌ನಲ್ಲಿ ಆಡುತ್ತಿದೆ. ಚೆಲುವಾದ ಕ್ರೀಡಾಂಗಣ, ಹಿಂದೆ ಬೆಟ್ಟಸಾಲು. ಆದರೆ ಕ್ಯಾಂಪಸ್ಸಿನಿಂದ ಸುಮಾರು ನಲವತ್ತು ಕಿಲೋಮೀಟರ್, ಅದೂ ಆ ಊರಿನ ಟ್ರಾಫಿಕ್ಕಿನಲ್ಲಿ. ಅವರು ಅಲ್ಲಿಂದ ಜಾಗ ಬದಲಿಸಲು ನೋಡುತ್ತಿದ್ದಾರೆಂದು 2025ರಲ್ಲಿ ಪ್ಯಾಸಡೀನಾ ನಗರವೇ ಕೋರ್ಟು ಹತ್ತಿತು. ಮಯಾಮಿಯವರ ಕಥೆಯೂ ಅಷ್ಟೇ, 2008ರಿಂದ ಅವರ ‘ತವರು’ ಕ್ಯಾಂಪಸ್ಸಿನಿಂದ ಮೂವತ್ತು ಕಿಲೋಮೀಟರಿಗೂ ಆಚೆ. ಇದನ್ನು ತವರಿನ ಪಂದ್ಯ ಎನ್ನುವುದಾದರೆ ತವರು ಎಂಬ ಮಾತಿಗೇ ಬೇಸರವಾಗಬೇಕು.

ದೊಡ್ಡವರೂ ಎಡವಿದ್ದಾರೆ. 2014ರ ಸೆಪ್ಟೆಂಬರಿನಲ್ಲಿ ಆ್ಯನ್ ಆರ್ಬರ್‌ನಲ್ಲೇ, ಲಕ್ಷ ಜನರ ದಾಖಲೆ ಅಲ್ಲಾಡುತ್ತಿದ್ದಾಗ, ಎರಡು ಕೋಕ್ ಬಾಟಲಿ ಕೊಂಡರೆ ಮಿನ್ನೆಸೋಟ ಪಂದ್ಯದ ಎರಡು ಟಿಕೆಟ್ ಎಂಬ ಕೊಡುಗೆ ಬಂತು. ಊರೆಲ್ಲ ನಕ್ಕಿತು, ಹಳೆಯ ವಿದ್ಯಾರ್ಥಿಗಳು ಉರಿದುಬಿದ್ದರು. ಅಕ್ಟೋಬರ್ ಕೊನೆಯ ದಿನ ಕ್ರೀಡಾ ನಿರ್ದೇಶಕರು ರಾಜೀನಾಮೆ ಕೊಟ್ಟರು. ಕಾರಣ ಅದೊಂದೇ ಅಲ್ಲ. ಆದರೂ ಜನ ಇವತ್ತಿಗೂ ನೆನೆಸಿಕೊಳ್ಳುವುದರಲ್ಲಿ ಆ ಕೋಕ್ ಬಾಟಲಿಗಳೂ ಇವೆ.

ನನ್ನನ್ನು ಕೇಳಿದರೆ ಸಣ್ಣ ಕಾಲೇಜುಗಳು ಮೂವತ್ತು ಸಾವಿರ ಆಸನದ ಹಟ ಬಿಡಲಿ. ಎಂಟು ಸಾವಿರ ಜನ ಒತ್ತಾಗಿ ಕೂತರೆ ಅದೇ ಜಾತ್ರೆ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಆಡಲಿ, ಟಿವಿಯ ದುಡ್ಡು ಕಡಿಮೆಯಾದರೆ ಆಗಲಿ. ಕಾರಿನ ಡಿಕ್ಕಿ ತೆರೆದು ಒಲೆ ಹಚ್ಚಿಕೊಂಡು ಕೂರುವ ಹಳೆಯ ವಿದ್ಯಾರ್ಥಿಗಳಿಗೂ ಹೊತ್ತಿಗೆ ಸರಿಯಾಗಿ ಮನೆ ಸೇರುವ ದಾರಿ ಇರಲಿ. ಇದು ನಡೆಯುವುದಿಲ್ಲ ಎಂದು ಗೊತ್ತಿದೆ. ಸಹಿ ಹಾಕಿದ ಒಪ್ಪಂದಗಳು ನನ್ನ ಫೇಸ್‌ಬುಕ್ ಬರಹ ಓದುವುದಿಲ್ಲ.

ಆಟ ಮುಗಿದಾಗ ಹನ್ನೊಂದಕ್ಕೆ ಐದು ನಿಮಿಷ. ನಮ್ಮವರು ಗೆದ್ದಿದ್ದರು, ಮೂರು ಅಂಕದಿಂದ. ಇಲ್ಲೊಂದು ಪದ್ಧತಿ ಇದೆ: ಗೆಲ್ಲಲಿ ಸೋಲಲಿ, ಆಟಗಾರರು ಬ್ಯಾಂಡಿನ ಮುಂದೆ ಬಂದು ಸಾಲಾಗಿ ನಿಲ್ಲುತ್ತಾರೆ, ಬ್ಯಾಂಡು ಕಾಲೇಜಿನ ಗೀತೆ ನುಡಿಸುತ್ತದೆ. ಕೆಸರು ಮೆತ್ತಿದ ಆ ದೈತ್ಯ ಹುಡುಗರು ಹೆಲ್ಮೆಟ್ ತೆಗೆದು ಹಾಡಿದರು, ತಲೆಗಳಿಂದ ಹಬೆ ಏಳುತ್ತಿತ್ತು. ಟಿವಿಯವರು ಆಗಲೇ ವೈರು ಸುತ್ತುತ್ತಿದ್ದರು. ಮಗಳು ಬಂದು, ‘ಅಪ್ಪಾ, ಬೆರಳೇ ಮಡಚುತ್ತಿಲ್ಲ, ಕೊನೆಯ ಸಾಲಿನಲ್ಲಿ ಎರಡು ಸ್ವರ ಬಿಟ್ಟುಬಿಟ್ಟೆ’ ಎಂದಳು. ಯಾರಿಗೂ ಗೊತ್ತಾಗಿಲ್ಲ ಬಿಡು ಎಂದೆ. ಅದನ್ನು ಹೇಳಬಾರದಿತ್ತು.

‘ನಿಮಗೆ ಗೊತ್ತಾಯಿತಾ?’ ಎಂದು ಕೇಳಿದಳು.

ಗೊತ್ತಾಯಿತು ಎಂದೆ. ಸಮಾಧಾನವಾಗಿ ನಕ್ಕಳು.

ಮುಂದಿನ ಪಂದ್ಯ ಬುಧವಾರ ರಾತ್ರಿ ಎಂಟಕ್ಕೆ. ಅರ್ಧ ದಿನ ರಜೆ ಹಾಕಿದ್ದೇನೆ. ಕಾಫಿಯನ್ನು ಕಾರಿನಲ್ಲೇ ಮುಗಿಸಿ ಒಳಗೆ ಹೋಗಬೇಕು.