ಇತಿಹಾಸ ಅಡುಗೆಮನೆಯಲ್ಲೂ ಇರುತ್ತೆ

ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ನನಗೆ ಈಗಲೂ ಬಾಯಿಪಾಠ. ಆ ಸೈನಿಕರು ಬೆಳಿಗ್ಗೆ ಏನು ತಿಂದು ಹೊರಟರು ಅಂತ ಶಾಲೆಯಲ್ಲಿ ಕೇಳಿದ್ದೆ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಅಂದರು ಮೇಷ್ಟ್ರು.

ಅಂಥ ಪ್ರಶ್ನೆಗಳನ್ನೇ ಹಿಡಿದು ಹೊರಟವರು ಡಾ. ಜ್ಯೋತ್ಸ್ನಾ ಕಾಮತ್. 1937ರಲ್ಲಿ ಹುಟ್ಟಿದವರು, 2022ರಲ್ಲಿ ತೀರಿಕೊಂಡರು. ವೃತ್ತಿ ಆಕಾಶವಾಣಿಯಲ್ಲಿ. ಮಧ್ಯಯುಗದ ಕರ್ನಾಟಕದ ಜನಜೀವನದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1980ರಲ್ಲಿ ಬಂತು. ಊಟ, ಉಡುಗೆ, ಒಡವೆ, ಹಬ್ಬ, ಆಟ, ಹೆಂಗಸರ ಬದುಕು, ಇದೇ ಅದರ ವಿಷಯ. ರಾಜರು ಬರುತ್ತಾರೆ, ಆದರೆ ಹೆಚ್ಚಾಗಿ ಊಟಕ್ಕೆ ಕೂತಾಗ!

ಇದು ಹಗುರ ಕೆಲಸ ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಯುದ್ಧ ಗೆದ್ದವನು ಶಾಸನ ಕೆತ್ತಿಸಿಬಿಡುತ್ತಾನೆ. ಸಾರಿಗೆ ಒಗ್ಗರಣೆ ಹಾಕಿದವಳು ಏನು ಕೆತ್ತಿಸ್ತಾಳೆ? ಅವಳನ್ನು ಹುಡುಕಬೇಕಾದರೆ ಶಾಸನದ ಜೊತೆ ಕಾವ್ಯ ಓದಬೇಕು, ಶಿಲ್ಪದ ಮುಂದೆ ನಿಂತು ಸೀರೆಯ ನೆರಿಗೆ ನೋಡಬೇಕು, ವೀರಗಲ್ಲು, ಸತಿ ಹೋದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನೂ ಬಿಡುವಂತಿಲ್ಲ. ದುಪ್ಪಟ್ಟು ದುಡಿಮೆ.

ಇಡ್ಲಿಯನ್ನೇ ನೋಡಿ. 10ನೇ ಶತಮಾನದ ಜೈನ ಕಥೆಗಳ ಗದ್ಯಕೃತಿ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಬರುತ್ತೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ವಿಶ್ವಕೋಶದಂಥ ಗ್ರಂಥ ಮಾನಸೋಲ್ಲಾಸದಲ್ಲೂ ಇದೆ, ಅಲ್ಲಿ ಅದು ಉದ್ದಿನದು, ಜೀರಿಗೆ, ಇಂಗು, ಕಾಳುಮೆಣಸಿನ ಘಾಟು. (ನದಿದಂಡೆಯ ಇಲಿ ಸುಡುವ ವಿಧಾನವೂ ಅದರಲ್ಲೇ ಇದೆ. ಅದನ್ನು ಯಾರೂ ಹೆಮ್ಮೆಯಿಂದ ಫಾರ್ವರ್ಡ್ ಮಾಡಲ್ಲ, ಅಲ್ವಾ!) ಮೆಣಸಿನಕಾಯಿ ಮಾತ್ರ ಎಲ್ಲೂ ಇಲ್ಲ. ಅದು ಪೋರ್ಚುಗೀಸರು ಬಂದ ಮೇಲೆ ಬಂದದ್ದು. ನಮ್ಮ 'ಅಪ್ಪಟ' ಖಾರಕ್ಕೆ ವಯಸ್ಸು ಇಷ್ಟೇ.

ಒಂದು ತಕರಾರು ನನಗೂ ಇದೆ. ಈ ಆಕರಗಳಲ್ಲಿ ಜಾಸ್ತಿ ಕಾಣೋದು ಅರಮನೆ, ಅಗ್ರಹಾರ, ಬಸದಿ. ಕೂಲಿಯವಳ ಗಡಿಗೆಯಲ್ಲಿ ಏನು ಬೇಯುತ್ತಿತ್ತು ಅನ್ನೋದು ಮಸುಕು. ಅದು ಬರೆದಿಟ್ಟವರ ದೋಷ, ಹುಡುಕಿದವರದ್ದಲ್ಲ.

ಇನ್ನೊಂದು ಮಾತು. ಕನ್ನಡದವರು ಇಂಟರ್‌ನೆಟ್ ಅನ್ನೋ ಪದಕ್ಕೇ ಇನ್ನೂ ಹೊಂದಿಕೊಳ್ಳುತ್ತಿದ್ದ ಕಾಲಕ್ಕೆ ಕಾಮತರ ಕುಟುಂಬದವರು 'ಕಾಮತ್ಸ್ ಪಾಟ್‌ಪೂರಿ' ಜಾಲತಾಣ ಶುರು ಮಾಡಿದರು. ಜ್ಯೋತ್ಸ್ನಾ ಅವರ ಲೇಖನಗಳು, ಪತಿ ಕೃಷ್ಣಾನಂದ ಕಾಮತರು ತೆಗೆದ ಫೋಟೋಗಳು, ಎಲ್ಲ ಅಲ್ಲಿ ಬಂದವು. ನಾನು ಮಾಸ್ತಿಕಲ್ಲಿನ ಚಿತ್ರವನ್ನು ಮೊದಲು ನೋಡಿದ್ದೇ ಅಲ್ಲಿ, ಸೈಬರ್ ಕೆಫೆಯಲ್ಲಿ ಕೂತು.

ಅವರನ್ನು ಓದಿದ ಮೇಲೆ ನಮ್ಮಜ್ಜಿ ಮಾಡುತ್ತಿದ್ದ ತಿಥಿ ಅಡುಗೆ ನೆನಪಾಯಿತು. ಅವತ್ತು ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮ್ಯಾಟೊ ಇಲ್ಲ. ಖಾರಕ್ಕೆ ಕಾಳುಮೆಣಸು. "ಯಾಕಜ್ಜಿ?" ಅಂದ್ರೆ "ಅವೆಲ್ಲ ಹಿರಿಯರಿಗೆ ಗೊತ್ತಿಲ್ದ ತರಕಾರಿ ಕಣೋ" ಅನ್ನುತ್ತಿದ್ದಳು. ನಿಮ್ಮ ಮನೆಯಲ್ಲಿ ಅವತ್ತು ಏನೇನು ಬಿಡ್ತಿದ್ರು? ಕಾಮೆಂಟಲ್ಲಿ ಬರೀರಿ.