ಮರಣದಂಡನೆಯ ಚರ್ಚೆ ಆಯ್ತಲ್ಲ, ಇನ್ನು ಹಾಡಿದವರ ಹೆಸರು ಹೇಳಿ

‘ಡೆಡ್ ಮ್ಯಾನ್ ವಾಕಿಂಗ್’ ಅನ್ನೋ ಆಪೆರಾ, ಅಂದರೆ ಮಾತನ್ನೂ ಹಾಡಾಗಿಯೇ ಹಾಡುವ ಪಾಶ್ಚಾತ್ಯ ಸಂಗೀತ ನಾಟಕದ ಬಗ್ಗೆ ಮತ್ತೊಂದು ಮಾರುದ್ದದ ಚರ್ಚೆಯನ್ನು ಈಗಷ್ಟೇ ಓದಿ ಮುಗಿಸಿದೆ. ಮರಣದಂಡನೆ ಇರಬೇಕೋ ಬೇಡವೋ, ಕ್ಷಮಿಸುವ ಹಕ್ಕು ಯಾರದ್ದು, ಅಮೆರಿಕದ ಜೈಲುಗಳ ಸ್ಥಿತಿ ಏನು, ನಿರ್ದೇಶಕರು ರಂಗದ ಮೇಲೆ ಕ್ಯಾಮೆರಾ ತಂದಿದ್ದು ಸರಿಯೇ, ಎಲ್ಲವೂ ಇತ್ತು. ಕಟ್ಟಕಡೆಗೆ ಒಂದೇ ಒಂದು ಸಾಲು: ಗಾಯಕರೂ ಚೆನ್ನಾಗಿ ಹಾಡಿದ್ದಾರೆ. ಯಾರು ಹಾಡಿದರು, ಏನು ಹಾಡಿದರು, ಅದರಲ್ಲಿ ಕಷ್ಟದ್ದು ಯಾವುದು, ಒಂದಕ್ಷರ ಇಲ್ಲ. ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೀತಿದೀನಿ. ಉದ್ದ ಆಗುತ್ತೆ. ಗಂಟಲಿನ ವಿಷಯ ಬಂದರೆ ನಾನು ಚುಟುಕಾಗಿ ಮುಗಿಸಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

ಕೇಳದವರಿಗಾಗಿ ಎರಡು ಮಾತು. 2000ದ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋ ಆಪೆರಾದಲ್ಲಿ ಇದರ ಮೊದಲ ಪ್ರದರ್ಶನ. ಸಂಗೀತ ಜೇಕ್ ಹೆಗ್ಗಿ ಅವರದು, ಸಾಹಿತ್ಯ ಟೆರೆನ್ಸ್ ಮೆಕ್‌ನ್ಯಾಲಿ ಅವರದು. ಹೆಗ್ಗಿ ಅದೇ ಸಂಸ್ಥೆಯ ಪ್ರಚಾರ ವಿಭಾಗದಲ್ಲಿ ಕೆಲಸ ಮಾಡಿದ್ದವರು, ಇದು ಅವರ ಮೊದಲ ಆಪೆರಾ. ಲೂಸಿಯಾನಾದ ಸನ್ಯಾಸಿನಿ ಸಿಸ್ಟರ್ ಹೆಲೆನ್ ಪ್ರೆಜಾನ್ ಮರಣದಂಡನೆಗೆ ಗುರಿಯಾದ ಕೈದಿಗಳ ಜೊತೆ ನಿಂತು, ಆ ಅನುಭವವನ್ನು 1993ರಲ್ಲಿ ಪುಸ್ತಕ ಮಾಡಿದರು. ಆಪೆರಾ ಅದನ್ನೇ ಆಧರಿಸಿದೆ. ಆದರೆ ರಂಗದ ಮೇಲಿನ ಕೈದಿ ಜೋಸೆಫ್ ಡಿ ರೋಷೆ ಅನ್ನೋದು ಕಲ್ಪಿತ ಪಾತ್ರ.

ಕೊಲೆ ಮಾಡಿದ್ದು ಯಾರು ಅನ್ನುವ ಕುತೂಹಲಕ್ಕೆ ಇದರಲ್ಲಿ ಜಾಗವೇ ಇಲ್ಲ. ಕೆರೆಯ ದಂಡೆ, ಒಬ್ಬ ಹುಡುಗ, ಒಬ್ಬ ಹುಡುಗಿ, ರೇಡಿಯೊದಲ್ಲಿ ಹಾಡು. ಅಣ್ಣ ತಮ್ಮ ಇಬ್ಬರು ಬರುತ್ತಾರೆ. ಮುಂದಿನದನ್ನು ನಾವು ಕಣ್ಣಾರೆ ನೋಡುತ್ತೇವೆ. ಹೀಗಾಗಿ ಉಳಿದ ಎರಡೂವರೆ ಗಂಟೆಯ ತೂಕವೆಲ್ಲ ಒಂದೇ ಪ್ರಶ್ನೆಯ ಮೇಲೆ: ಇವನು ಸಾಯುವ ಮೊದಲು ತಪ್ಪೊಪ್ಪಿಕೊಳ್ತಾನಾ, ಇಲ್ಲವಾ? ಇದಕ್ಕೆ ಉತ್ತರ ಕೊಡಬೇಕಾದ್ದು ಜೋಸೆಫ್ ಪಾತ್ರದ, ಅಂದರೆ ಗಂಡಸರ ನಡು ಎತ್ತರದ ದನಿಯ ಒಬ್ಬ ಬ್ಯಾರಿಟೋನ್‌ನ ದನಿ. ಆ ದನಿಯನ್ನು ಅಲ್ಲಿಯವರೆಗೆ ಎಳೆದು ತರಬೇಕಾದ್ದು ಹೆಲೆನ್ ಪಾತ್ರದ ಒಬ್ಬ ಮೆಝೋ ಸೊಪ್ರಾನೊ, ಅಂದರೆ ಹೆಂಗಸರ ನಡು ಎತ್ತರದ ದನಿ. ಈ ಇಬ್ಬರನ್ನು ಬಿಟ್ಟು ಪಾಪ, ಪ್ರಾಯಶ್ಚಿತ್ತ ಅಂತ ಹತ್ತು ಪುಟ ಬರೆದರೆ ಆಪೆರಾ ಬಗ್ಗೆ ಬರೆದ ಹಾಗಾಗಲ್ಲ.

ಹೆಲೆನ್ ಪಾತ್ರವನ್ನೇ ತಗೊಳ್ಳಿ. ಆರಂಭದ ಕೊಲೆಯ ದೃಶ್ಯ ಬಿಟ್ಟರೆ ಹೆಚ್ಚುಕಡಿಮೆ ಕೊನೆಯವರೆಗೂ ಆಕೆ ರಂಗದ ಮೇಲೇ ಇರುತ್ತಾಳೆ. ತಾರಕದ ಒಂದು ದೊಡ್ಡ ಸ್ವರ ಬಂದು ಚಪ್ಪಾಳೆ ಗಿಟ್ಟಿಸಿ ಹೋಗುವ ಪಾತ್ರ ಇದಲ್ಲ. ಬಹುಪಾಲು ಮಾತಿನ ಲಯದ ಹಾಡು, ಅದೂ ಮಧ್ಯ ಸ್ಥಾಯಿಯಲ್ಲಿ. ಕೇಳುವವರಿಗೆ ಸಲೀಸು ಅನ್ನಿಸುತ್ತೆ, ಹಾಡುವವರಿಗೆ ಅಲ್ಲೇ ಅಪಾಯ. ವಾದ್ಯವೃಂದದ ನಾದದ ಶಕ್ತಿ ಹೆಚ್ಚಾಗಿ ತುಂಬಿರೋದು ಸುಮಾರು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ, ಮಧ್ಯ ಸ್ಥಾಯಿಯ ದನಿಯೂ ಅಲ್ಲೇ. ಮೈಕ್ ಇಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಸುಮಾರು 3,800 ಆಸನಗಳಿವೆ, ಕೊನೆಯ ಸಾಲಿನವರಿಗೂ ಮಾತು ಬಿಡಿಬಿಡಿಯಾಗಿ ಕೇಳಿಸಬೇಕು. ತಾಲೀಮಾದ ದನಿ ಇದನ್ನು ಸಾಧಿಸೋದು ಜೋರಾಗಿ ಕೂಗಿ ಅಲ್ಲ. ಧ್ವನಿಪೆಟ್ಟಿಗೆಯನ್ನು ಕೆಳಗಿಟ್ಟು, ಅದರ ಮೇಲಿನ ಕೊಳವೆಯನ್ನು ಕಿರಿದು ಮಾಡಿ, 3,000 ಹರ್ಟ್ಸ್ ಹತ್ತಿರ ನಾದವನ್ನು ಗುಡ್ಡೆ ಹಾಕುವುದರಿಂದ. ಅಲ್ಲಿ ವಾದ್ಯಗಳ ಬಲ ಕಡಿಮೆ, ನಮ್ಮ ಕಿವಿ ಚುರುಕು. ಆ ಸಂದಿಯಲ್ಲೇ ದನಿ ದಾಟಿಕೊಂಡು ಬರಬೇಕು. ಸುಸ್ತಾದ ಗಾಯಕಿ ಮೊದಲು ಕಳೆದುಕೊಳ್ಳೋದು ಈ ಹೊಳಪನ್ನೇ. ಅದು ಹೋದ ತಕ್ಷಣ ತಳ್ಳಿ ಹಾಡೋಕೆ ಶುರು ಮಾಡ್ತಾರೆ, ತಳ್ಳಿದರೆ ಎರಡನೇ ಅಂಕಕ್ಕೆ ಗಂಟಲು ಉಳಿಯಲ್ಲ. ಅದಕ್ಕೇ ಅನುಭವಸ್ಥರು ತಾಲೀಮಿನ ದಿನಗಳಲ್ಲಿ ಪೂರ್ತಿ ದನಿ ಬಿಡದೆ, ಮೇಲಿನ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಹಾಡಿ ದನಿ ಉಳಿಸಿಕೊಳ್ಳುತ್ತಾರೆ. ಪ್ರದರ್ಶನಗಳ ನಡುವೆ ಎರಡು ಮೂರು ದಿನ ಬಿಡುವು ಇಡೋದೂ ಇದೇ ಕಾರಣಕ್ಕೆ.

ಇನ್ನು ಕೊನೆಯ ದೃಶ್ಯ. ಚರ್ಚೆ ಮಾಡುವ ಪ್ರತಿಯೊಬ್ಬರೂ ಇದರ ಬಗ್ಗೆ ಬರೆದಿದ್ದಾರೆ, ಹಾಡುವವಳು ಏನು ಮಾಡ್ತಾಳೆ ಅಂತ ಒಬ್ಬರೂ ಬರೆದಿಲ್ಲ. ಕೈದಿಯನ್ನು ಕರೆದೊಯ್ಯುವಾಗ ಇಡೀ ಮೇಳ ದೇವರ ಪ್ರಾರ್ಥನೆ ಹಾಡುತ್ತೆ, ರಂಗಮಂದಿರ ನಡುಗುವ ಹಾಗೆ. ಆಮೇಲೆ ವಾದ್ಯವೃಂದ ನಿಂತುಬಿಡುತ್ತೆ. ವಿಷದ ಚುಚ್ಚುಮದ್ದಿನ ಹೊತ್ತಿನಲ್ಲಿ ಸಂಗೀತವೇ ಇಲ್ಲ, ಯಂತ್ರದ ಸದ್ದು ಮಾತ್ರ. ಆ ನಿಶ್ಶಬ್ದ ಮುಗಿದ ಮೇಲೆ ಹೆಲೆನ್ ಒಬ್ಬಳೇ, ಯಾವ ಪಕ್ಕವಾದ್ಯವೂ ಇಲ್ಲದೆ, ಮೊದಲ ಅಂಕದಲ್ಲಿ ಮಕ್ಕಳ ಜೊತೆ ಹಾಡಿದ ಭಜನೆಯನ್ನು ಎತ್ತಿಕೊಳ್ಳಬೇಕು.

ನಮ್ಮ ಕಛೇರಿಯಲ್ಲಿ ತಂಬೂರಿ ಆರಂಭದಿಂದ ಕೊನೆಯವರೆಗೆ ಷಡ್ಜ ಹಿಡಿದುಕೊಂಡೇ ಇರುತ್ತೆ, ಗಾಯಕರು ಯಾವಾಗ ಬೇಕಾದರೂ ಅದಕ್ಕೆ ಮರಳಬಹುದು. ಇಲ್ಲಿ ಹಾಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ. ಯಂತ್ರದ ಬೀಪ್‌ಗೂ ಒಂದು ಸ್ವರ ಇರುತ್ತೆ, ಅದಕ್ಕೆ ಕಿವಿ ಕೊಟ್ಟರೆ ಶ್ರುತಿ ದಾರಿ ತಪ್ಪುತ್ತೆ. ಹೀಗಾಗಿ ಹಿಂದಿನ ಮೇಳಗಾನದ ಒಂದು ಸ್ವರವನ್ನು ಒಳಗಿವಿಯಲ್ಲಿ ಬಿಗಿಯಾಗಿ ಇಟ್ಟುಕೊಂಡು ಅಷ್ಟೂ ನಿಮಿಷ ನಿಂತಿರಬೇಕು. ಮುಖದಲ್ಲಿ ನಟನೆ ನಡೀತಾ ಇರಬೇಕು, ಒಳಗೆ ಆ ಸ್ವರ ಜಾರಬಾರದು. ಅಷ್ಟರಲ್ಲಿ ಬಾಯಿ ಒಣಗಿರುತ್ತೆ. ಬಾಯಿಂದ ಉಸಿರೆಳೆದರೆ ಇನ್ನೂ ಒಣಗುತ್ತೆ, ಮೇಲಾಗಿ ಆ ನಿಶ್ಶಬ್ದದಲ್ಲಿ ಉಸಿರಿನ ಸದ್ದು ಎಲ್ಲರಿಗೂ ಕೇಳುತ್ತೆ. ಮೂಗಿನಿಂದ, ಸದ್ದಿಲ್ಲದೆ, ಪಕ್ಕೆಲುಬು ಅಗಲಿಸಿ ಉಸಿರು ತುಂಬಿಕೊಳ್ಳಬೇಕು. ಎತ್ತುಗಡೆ ಅರ್ಧ ಸ್ವರ ಮೇಲಾದರೆ ಭಜನೆಯ ಎತ್ತರದ ಸಾಲು ದನಿ ಕೆಳದನಿಯಿಂದ ಮೇಲುದನಿಗೆ ಮಗ್ಗುಲು ಬದಲಿಸುವ ಜಾಗಕ್ಕೆ ಬಂದು ಕೂತು ಒಡೆಯಬಹುದು. ಅರ್ಧ ಸ್ವರ ಕೆಳಗಾದರೆ ಕೆಳಗಿನ ಸ್ವರಗಳು ಆ ದೊಡ್ಡ ಸಭಾಂಗಣದಲ್ಲಿ ಕರಗಿಹೋಗುತ್ತವೆ. ಇಷ್ಟರ ಮೇಲೆ ಮೆಲುದನಿಯಲ್ಲಿ ಹಾಡಬೇಕು. ಉಸಿರಿನ ಒತ್ತಡ ಸ್ವಲ್ಪ ಸಡಿಲಿದರೂ ಮೆಲುದನಿ ಕೆಳಗೆ ಕುಸಿಯುತ್ತೆ. ಎರಡೂವರೆ ಗಂಟೆ ಹಾಡಿದ ಮೇಲೆ ಇದು! ಇದನ್ನು ಸಾಧಿಸಿದವಳ ಹೆಸರು ಬರೆಯೋಕೆ ನಿಮಗೆ ಜಾಗ ಸಿಗಲಿಲ್ಲವೇ?

ಹೆಸರು ನಾನೇ ಹೇಳ್ತೀನಿ. ಮೊದಲು ಹಾಡಿದ್ದು ಸೂಸನ್ ಗ್ರಹಾಂ. 2002ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಹಾಡಿದ್ದು ಜಾಯ್ಸ್ ಡಿಡೊನಾಟೊ. ಆಕೆಯೇ 2011ರಲ್ಲಿ ಹ್ಯೂಸ್ಟನ್‌ನಲ್ಲಿ, 2018ರಲ್ಲಿ ಮ್ಯಾಡ್ರಿಡ್ ಮತ್ತು ಲಂಡನ್‌ನಲ್ಲಿ, ಕೊನೆಗೆ 2023ರ ಸೆಪ್ಟೆಂಬರ್ 26ರಂದು ಮೆಟ್ರೊಪಾಲಿಟನ್ ಆಪೆರಾದ ಋತುವಿನ ಆರಂಭದ ರಾತ್ರಿ ಹಾಡಿದ್ದು. ಒಂದೇ ಪಾತ್ರವನ್ನು ಇಪ್ಪತ್ತು ವರ್ಷ ದಾಟಿ ಹೊತ್ತ ದನಿ ಅದು.

ಜೋಸೆಫ್ ಹಾಡುವವನ ಕಷ್ಟ ಬೇರೆ ಥರದ್ದು. ಎರಡನೇ ಅಂಕ ಶುರುವಾಗೋದೇ ಅವನು ಕೋಣೆಯಲ್ಲಿ ಪುಷ್‌ಅಪ್ ಹೊಡೆಯುವುದರಿಂದ. ಭಾರ ಎತ್ತುವಾಗ ದೇಹ ತಾನಾಗೇ ಗಂಟಲ ಬಾಗಿಲು ಮುಚ್ಚಿ ಉಸಿರು ಕಟ್ಟುತ್ತೆ, ಹಾಗೆ ಮಾಡಿದರೇ ಎದೆಗೂಡು ಗಟ್ಟಿ ನಿಲ್ಲೋದು. ಹಾಡಿಗೆ ಬೇಕಾದ್ದು ಅದಕ್ಕೆ ಪೂರ್ತಿ ಉಲ್ಟಾ. ಬಾಗಿಲು ಸಡಿಲವಾಗಿರಬೇಕು, ಉಸಿರು ಹೊಟ್ಟೆ ಪಕ್ಕೆಗಳಲ್ಲಿ ಕೆಳಗೆ ಕೂತಿರಬೇಕು. ಕಲಿತವರು ಮೇಲೇಳುವಾಗ ಉಸಿರು ಬಿಡ್ತಾ, ಕತ್ತು ಮತ್ತು ದವಡೆಯನ್ನು ಬಿಗಿಯದೆ ಅದನ್ನು ಮಾಡ್ತಾರೆ. ಕಲಿಯದವರ ಮೊದಲ ಸಾಲು ಎದೆಯ ಮೇಲ್ಭಾಗದಿಂದ ಬರುತ್ತೆ, ಶ್ರುತಿ ಮೇಲಕ್ಕೆ ಸರಿದಿರುತ್ತೆ. ಕೊನೆಗೆ ಅವನನ್ನು ಮಂಚಕ್ಕೆ ಬಿಗಿಯುತ್ತಾರೆ. ಅಂಗಾತ ಮಲಗಿದರೆ ಹೊಟ್ಟೆಯೊಳಗಿನ ಭಾಗಗಳೆಲ್ಲ ವಪೆಯನ್ನು ಎದೆಯ ಕಡೆಗೆ ಒತ್ತುತ್ತವೆ, ದನಿ ಸಭಿಕರ ಕಡೆ ಹೋಗದೆ ಚಾವಣಿಗೆ ಹೋಗುತ್ತೆ. ಎದೆಯ ಮೇಲಿನ ಪಟ್ಟಿ ಒಂದು ಬೆರಳು ಬಿಗಿಯಾದರೂ ಸಾಲು ಅರ್ಧಕ್ಕೆ ನಿಲ್ಲುತ್ತೆ. ಹಾಗಾಗಿ ಪೂರ್ತಿ ಉಸಿರು ತುಂಬಿಕೊಂಡ ಸ್ಥಿತಿಯಲ್ಲೇ ಪಟ್ಟಿ ಅಳತೆ ಮಾಡಿಸಿಕೊಳ್ಳಬೇಕು.

ಇವು ದೇಹದ ಕೆಲಸ. ಇದಕ್ಕಿಂತ ದೊಡ್ಡದು ಸುಳ್ಳು ಮತ್ತು ನಿಜದ ದನಿಗಳ ವ್ಯತ್ಯಾಸ. ಅವನು ಮುಕ್ಕಾಲು ಆಪೆರಾ ಸುಳ್ಳು ಹೇಳ್ತಾನೆ. ವ್ಯಂಜನಗಳನ್ನು ಗಡುಸಾಗಿ ಕಚ್ಚಿ, ಸ್ವರಾಕ್ಷರಗಳನ್ನು ಚಿಕ್ಕದಾಗಿ ತುಂಡರಿಸಿ ಹಾಡಿದರೆ ಆ ಗೋಡೆ ನಿಲ್ಲುತ್ತೆ. ತಪ್ಪೊಪ್ಪಿಕೊಳ್ಳುವ ಕಡೆ ಅದೇ ದನಿ ತೆರೆದುಕೊಳ್ಳಬೇಕು, ಸ್ವರಾಕ್ಷರ ಉದ್ದ ಆಗಬೇಕು, ದನಿಯಲ್ಲಿನ ಲೋಹದಂಥ ಗಡಸುತನ ಇಳಿಯಬೇಕು. ಮೊದಲ ಅಂಕದಲ್ಲೇ ಸುಂದರವಾಗಿ ಹಾಡಿಬಿಟ್ಟ ಬ್ಯಾರಿಟೋನ್‌ಗೆ ಇಲ್ಲಿ ಬದಲಿಸೋಕೆ ಏನೂ ಉಳಿದಿರಲ್ಲ. ಜೋಸೆಫ್ ಆಗಿ ಹಾಡಿದವರು 2000ದಲ್ಲಿ ಜಾನ್ ಪ್ಯಾಕರ್ಡ್, ಆಮೇಲೆ ಊರೂರಲ್ಲಿ ಮೈಕೆಲ್ ಮೇಯಸ್, 2023ರಲ್ಲಿ ನ್ಯೂಯಾರ್ಕ್‌ನಲ್ಲಿ ರಯಾನ್ ಮೆಕಿನ್ನಿ. ಮೇಯಸ್ ಟೆಕ್ಸಸ್‌ನವರು, ದಕ್ಷಿಣದ ಆ ಎಳೆದು ಮಾತಾಡುವ ಇಂಗ್ಲಿಷ್ ಅವರ ಬಾಯಿಗೆ ಹೊಸದಲ್ಲ. ಬೇರೆ ಕಡೆಯವರು ಅದನ್ನು ಕಲಿತು ಹಾಡುವಾಗ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಂಡು ನಾದವನ್ನೇ ನುಂಗಿಬಿಡುತ್ತಾರೆ.

ನನ್ನನ್ನು ಅತಿ ಹೆಚ್ಚು ಕಾಡೋದು ಹೆಲೆನೂ ಅಲ್ಲ, ಜೋಸೆಫೂ ಅಲ್ಲ. ತಾಯಿ. ಕ್ಷಮಾದಾನ ಮಂಡಳಿಯ ಮುಂದೆ ನಿಂತು ಮಗನ ಜೀವ ಉಳಿಸಿ ಅಂತ ಬೇಡುವ ತಾಯಿ. ಅಳು ಬಂದಾಗ ಧ್ವನಿಪೆಟ್ಟಿಗೆ ಮೇಲೇರುತ್ತೆ, ಗಂಟಲು ಕಿರಿದಾಗುತ್ತೆ, ಉಸಿರು ತುಂಡಾಗುತ್ತೆ. ಹಾಡು ನಿಂತೇಹೋಗುವ ಮೂರೂ ಕಾರಣ ಒಟ್ಟಿಗೆ. ಗಾಯಕಿ ನಿಜವಾಗಿ ಅತ್ತರೆ ದೃಶ್ಯ ಸತ್ತಂತೆ. ಅಳುವಿನ ಗುರುತನ್ನು ಆಕೆ ಸಾಲಿನ ತುದಿಯಲ್ಲಿ ಮಾತ್ರ ಇಡಬೇಕು, ಉಸಿರು ತಗೊಳ್ಳುವ ಕಡೆ ನಡುಗಿಸಬೇಕು, ಸ್ವರದ ನಡುಭಾಗವನ್ನು ಮುಟ್ಟಕೂಡದು. ಆಗ ಅಳೋದು ನಾವು. ಫ್ರೆಡೆರಿಕಾ ಫಾನ್ ಸ್ಟಾಡ ಇದನ್ನು 2000ದ ಮೊದಲ ಪ್ರದರ್ಶನದಲ್ಲಿ ಹಾಡಿದರು, 2011ರಲ್ಲಿ ಹ್ಯೂಸ್ಟನ್‌ನಲ್ಲಿ ಇದೇ ಪಾತ್ರದಿಂದ ಆಪೆರಾ ರಂಗಕ್ಕೆ ವಿದಾಯ ಹೇಳಿದರು. ಮೊದಲ ಹೆಲೆನ್ ಆಗಿದ್ದ ಸೂಸನ್ ಗ್ರಹಾಂ ವರ್ಷಗಳ ನಂತರ ಈ ತಾಯಿಯ ಪಾತ್ರಕ್ಕೆ ಬಂದರು. 2023ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಡಿಡೊನಾಟೊ ಹೆಲೆನ್, ಗ್ರಹಾಂ ತಾಯಿ. ಆ ರಾತ್ರಿ ಇಬ್ಬರು ಹೆಲೆನ್‌ಗಳು ಒಂದೇ ರಂಗದ ಮೇಲೆ ಎದುರುಬದುರು ನಿಂತಿದ್ದರು. ಇಷ್ಟು ದೊಡ್ಡ ಸಂಗತಿಯೂ ಆ ಚರ್ಚೆಯಲ್ಲಿ ಒಂದು ಸಾಲಾಗಲಿಲ್ಲ ಅನ್ನೋದೇ ನನ್ನ ಸಂಕಟ.

ಸತ್ತ ಮಕ್ಕಳ ಅಪ್ಪ ಅಮ್ಮಂದಿರನ್ನೂ ಮರೆಯಬೇಡಿ. ನಾಲ್ವರು ಹೆತ್ತವರು, ಜೊತೆಗೆ ಹೆಲೆನ್, ಕೊಲೆಗಾರನ ತಾಯಿ, ಆರು ಜನ ಒಟ್ಟಿಗೆ ಹಾಡುವ ಭಾಗ ಇದೆ. ಆರು ದುಃಖ, ಒಬ್ಬರ ಮೇಲೊಬ್ಬರ ಮಾತು. ಒಬ್ಬರು ತಮ್ಮ ಸಾಲಿಗೆ ಹೆಚ್ಚು ಒತ್ತು ಕೊಟ್ಟರೂ ಉಳಿದ ಐವರ ಮಾತು ಮುಳುಗುತ್ತೆ. ಯಾವ ಮಾತು ಮೇಲೆ ತೇಲಬೇಕು, ಯಾವುದು ಅಡಿಯಲ್ಲಿ ಹರಿಯಬೇಕು ಅಂತ ಪಿಯಾನೊ ತಾಲೀಮಿನಲ್ಲೇ ತೀರ್ಮಾನ ಆಗಬೇಕು. ವಾದ್ಯವೃಂದ ಬಂದ ಮೇಲೆ ಅದಕ್ಕೆ ಸಮಯ ಇರಲ್ಲ. ಹುಡುಗಿಯ ಅಪ್ಪ ಓವೆನ್ ಹಾರ್ಟ್ ಆಗಿ ರಾಬರ್ಟ್ ಆರ್ತ್ ಮೊದಲ ಪ್ರದರ್ಶನದಲ್ಲಿ ಹಾಡಿದ್ದರು.

ಈಗ ಒಂದಿಬ್ಬರು ಹೇಳ್ತಾರೆ: ವಿಷಯ ಒಬ್ಬ ಮನುಷ್ಯನ ಸಾವು, ಅದರ ಮುಂದೆ ಗಾಯಕರ ಉಸಿರಾಟದ ಲೆಕ್ಕ ಯಾಕೆ ಬೇಕು? ವಿಷಯ ದೊಡ್ಡದು, ಒಪ್ಪುತ್ತೇನೆ. ಆದರೆ ಅದೇ ವಿಷಯ ಪುಸ್ತಕದಲ್ಲೂ ಇದೆ, ವರದಿಗಳಲ್ಲೂ ಇದೆ. ನೀವು ಟಿಕೆಟ್ ಕೊಂಡು ಆಪೆರಾ ನೋಡಿ ಕಣ್ಣೀರು ಹಾಕಿದ್ದು ವಾದ ಕೇಳಿ ಅಲ್ಲ, ದನಿ ಕೇಳಿ. ಇನ್ನು ಕೆಲವರು, ಬರೆದಿದ್ದನ್ನು ಹಾಡಿದರು ಅಷ್ಟೇ ತಾನೇ ಅಂತಾರೆ. ಮೇಲೆ ಬರೆದಿದ್ದನ್ನು ಇನ್ನೊಮ್ಮೆ ಓದಿ. ಪುಷ್‌ಅಪ್ ಹೊಡೆದು ಹೇಗೆ ಉಸಿರು ಹಿಡಿಯಬೇಕು ಅಂತ ಸ್ವರಲಿಪಿಯಲ್ಲಿ ಬರೆದಿರಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಈ ಆಪೆರಾದ ಭಾಗಗಳನ್ನು ನ್ಯೂಯಾರ್ಕ್ ರಾಜ್ಯದ ಸಿಂಗ್ ಸಿಂಗ್ ಜೈಲಿನೊಳಗೆ ಹಾಡಿದರು. ಡಿಡೊನಾಟೊ ಹಾಡಿದರು, ಮೇಳದಲ್ಲಿ ಜೈಲಿನ ಕೈದಿಗಳೇ ಹಾಡಿದರು. ಅಪರಾಧ, ಪ್ರಾಯಶ್ಚಿತ್ತದ ಬಗ್ಗೆ ಮಾತಾಡಲೇಬೇಕು ಅಂದರೆ ಅಲ್ಲಿಂದ ಶುರು ಮಾಡಿ. ಅಲ್ಲೂ ನಡೆದದ್ದು ಹಾಡೇ.

ಮನೆಯಲ್ಲಿ ಕೂತು ಕೇಳೋದಾದರೆ ಎರಡು ಧ್ವನಿಮುದ್ರಣ ಇವೆ. 2000ದ ಸ್ಯಾನ್ ಫ್ರಾನ್ಸಿಸ್ಕೋ ಪ್ರದರ್ಶನದ್ದು ಒಂದು, ಅದರಲ್ಲಿ ಗ್ರಹಾಂ ಮತ್ತು ಪ್ಯಾಕರ್ಡ್. 2011ರ ಹ್ಯೂಸ್ಟನ್‌ನದು ಇನ್ನೊಂದು, ಅದರಲ್ಲಿ ಡಿಡೊನಾಟೊ ಮತ್ತು ಫಿಲಿಪ್ ಕಟ್ಲಿಪ್. ಎರಡರಲ್ಲೂ ತಾಯಿ ಫಾನ್ ಸ್ಟಾಡ ಅವರೇ. ಇಡೀ ಆಪೆರಾ ಕೇಳೋಕೆ ಪುರುಸೊತ್ತಿಲ್ಲದಿದ್ದರೆ ಕ್ಷಮಾದಾನ ಮಂಡಳಿಯ ದೃಶ್ಯ ಒಂದನ್ನೇ ಎರಡರಲ್ಲೂ ಹಾಕಿ, ಹೆಡ್‌ಫೋನ್ ಇಟ್ಟುಕೊಂಡು, ಸಾಲುಗಳ ನಡುವೆ ಆಕೆ ಉಸಿರು ಎಲ್ಲಿ ತಗೊಳ್ತಾರೆ ಅನ್ನೋದನ್ನಷ್ಟೇ ಗಮನಿಸಿ. ಏನು ಕೇಳಿಸಿತು ಅಂತ ಕೆಳಗೆ ಬರೀರಿ, ಅವರ ಹೆಸರು ಹಾಕಿ ಬರೀರಿ.