ಸರ್ವಧರ್ಮ ಕೂಟದಲ್ಲಿ ಮೈಕ್ ಹಾಡುವವರಿಗೂ ಸಿಗಲಿ

ನಮ್ಮ ಕೊಡಗಿನಲ್ಲಿ ಸರ್ವಧರ್ಮ ಕೂಟ ಅಂದರೆ ಹೆಚ್ಚುಕಡಿಮೆ ಒಂದೇ ಥರ. ವೇದಿಕೆ ಮೇಲೆ ಒಬ್ಬರು ಸ್ವಾಮೀಜಿ, ಒಬ್ಬರು ಉಸ್ತಾದರು, ಒಬ್ಬರು ಫಾದರ್. ಎಲ್ಲ ಧರ್ಮದ ಸಾರ ಒಂದೇ ಅಂತ ಮೂವರೂ ಹೇಳುತ್ತಾರೆ. ಶಾಲು, ಹಾರ, ಫೋಟೋ, ಊಟ. ನಡೆಸುವವರ ಮನಸ್ಸು ಒಳ್ಳೆಯದೇ. ಆದರೆ ಪಕ್ಕದ ಮನೆಯವರು ದೇವರ ಮುಂದೆ ನಿಂತು ಏನು ಕೇಳಿಕೊಳ್ಳುತ್ತಾರೆ ಅನ್ನೋದು ಗೊತ್ತಾಗದೆಯೇ ನಾವು ಎದ್ದು ಬರುತ್ತೇವೆ.

ಹಾಡು, ಕವಿತೆ, ಕುಣಿತವೇ ಮುಖ್ಯವಾಗಿರುವ ಕೂಟ ನಮಗೆ ಬೇಕು. ಜನ ಎದ್ದು ಹೋಗದಿರಲಿ ಅಂತ ಕೊನೆಗೆ ಸೇರಿಸುವ ಸಾಂಸ್ಕೃತಿಕ ಕಾರ್ಯಕ್ರಮ ಅಲ್ಲ. ಭಾಷಣ ಮಾಡುವಾಗ ಎಲ್ಲರೂ ಅಳೆದು ತೂಗಿ ಮಾತಾಡುತ್ತಾರೆ. ಹಾಡುವಾಗ ಹಾಗಲ್ಲ. ಅವರು ತಮ್ಮ ದೇವರ ಹತ್ತಿರ ಮಾತಾಡುತ್ತಿರುತ್ತಾರೆ, ನಾವು ಸುಮ್ನೆ ಕೂತು ಕೇಳುತ್ತೇವೆ. ಅಲ್ಲಿ ವಾದಕ್ಕೆ ಜಾಗ ಎಲ್ಲಿದೆ?

ಬೇಕಾದ್ದೆಲ್ಲ ಇಲ್ಲೇ ಇದೆ. ಕೊಡವರಲ್ಲಿ ನಾಲ್ಕು ಜನ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡಿದು, ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾ ಹೋಗುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದ ಪುಣ್ಯಕ್ಕೆ ಎಷ್ಟೋ ಉಳಿದಿವೆ. ಮುಸ್ಲಿಮರಲ್ಲಿ ಕೈಯಲ್ಲಿ ಹಿಡಿದು ಬಾರಿಸುವ ದಫ್ ಇದೆ, ಮಲಯಾಳಂನ ಮಾಪಿಳ್ಳ ಪಾಟ್ಟು ಹಾಡುಗಳಿವೆ. ಚರ್ಚುಗಳಲ್ಲಿ ಕೊಂಕಣಿ, ಮಲಯಾಳಂ, ಕನ್ನಡ ಗೀತೆಗಳಿವೆ. ಕುಶಾಲನಗರದ ಹೊಳೆ ದಾಟಿದರೆ ಬೈಲುಕುಪ್ಪೆಯಲ್ಲಿ ಟಿಬೆಟಿನ ಬೌದ್ಧ ಭಿಕ್ಷುಗಳ ಉದ್ದನೆಯ ಕಹಳೆ, ಎದೆಯಾಳದ ಪಠಣ. ಊರಿಗೆ ನೆಂಟರು ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ, ಆ ಭಿಕ್ಷುಗಳನ್ನು ಮಾತ್ರ ನಮ್ಮ ಕೂಟಕ್ಕೆ ಕರೆಯುವುದಿಲ್ಲ.

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನೇ ನೋಡಿ. 1820ರಲ್ಲಿ ಕೊಡಗಿನ ಅರಸ ಲಿಂಗರಾಜ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಶಿವನ ಗುಡಿಗೆ ಈ ರೂಪ ಕೊಡಲು ಅಂದು ಯಾರೂ ಹಿಂಜರಿಯಲಿಲ್ಲ. ಮಡಿಕೇರಿ ದಸರಾದ ಬಹುಭಾಷಾ ಕವಿಗೋಷ್ಠಿಯೂ ನನಗೆ ಇಷ್ಟ. ಆದರೆ ಭಾಷೆಗಳು ಸೇರಿದರಷ್ಟೇ ಸಾಲದು, ಭಕ್ತಿಯ ಬಗ್ಗೆಯೂ ಅಲ್ಲಿ ಮಾತಾಗಬೇಕು.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಸರ್ವಧರ್ಮ ಅಂತೀವಿ, ಮೂರೇ ಕುರ್ಚಿ ಹಾಕ್ತೀವಿ. ನಮ್ಮ ಕಾಡಿನ ಆದಿವಾಸಿಗಳಾದ ಯರವರು, ಜೇನುಕುರುಬರು ಎಲ್ಲಿ? ಮೇ ತಿಂಗಳಲ್ಲಿ ದೇವರಪುರದಲ್ಲಿ ಇವರು ಮಾಡುವ ಕುಂಡೆ ಹಬ್ಬಕ್ಕೆ ಬನ್ನಿ. ವೇಷ ಹಾಕಿ, ಕುಣಿದು, ದೇವರನ್ನೇ ಹಾಡಿನಲ್ಲಿ ಬೈಯುತ್ತಾರೆ. ಹೊರಗಿನವರು ಅದನ್ನು ಮೊಬೈಲಿನಲ್ಲಿ ಹಿಡಿದು ನಗುತ್ತಾರೆ. ನನಗೆ ಅದರಲ್ಲಿ ಕಾಣುವುದು ಆಳವಾದ ಭಕ್ತಿ. ಕಷ್ಟ ಕೊಟ್ಟವನನ್ನು ಮುಖಕ್ಕೆ ಮುಖ ಕೊಟ್ಟು ಕೇಳಬೇಕಾದರೆ, ಅವನು ತನ್ನವನು ಅನ್ನೋ ನಂಬಿಕೆ ಎಷ್ಟು ಗಟ್ಟಿ ಇರಬೇಕು! ದಾಸರೂ ವಚನಕಾರರೂ ದೇವರ ಜೊತೆ ಜಗಳ ಆಡಿದವರೇ ಅಲ್ವಾ? ಅವರನ್ನು ಪೂಜಿಸುವ ನಾವು ಇವರನ್ನು ವೇದಿಕೆಯಿಂದ ದೂರ ಇಟ್ಟಿದ್ದೇವೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ರಾತ್ರಿ ಹಾಡುವವರ ಕಥೆಯೂ ಅಷ್ಟೇ.

ಕೂಟ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಎಲ್ಲರೂ ನೆಲದ ಮೇಲೆ, ಒಂದೇ ಜಮಖಾನದಲ್ಲಿ ಕೂರಲಿ. ಪ್ರತಿ ಹಾಡಿಗೂ ಮೊದಲು ಅದರ ಅರ್ಥವನ್ನು ಹಾಡುವವರೇ ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಲಿ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದಕ್ಕೆ ಮುಂಚೆ ದಿನ ಇಡಿ. ಅದು ಕೂಲಿಯವರಿಗೆ ರಜೆ ಇರುವ ದಿನವೇ ಆಗಿರಲಿ. ಹಾಡಲು ಬಂದವರಿಗೆ ಶಾಲಿನ ಬದಲು ಗೌರವಧನ, ಹೋಗಿಬರುವ ಜೀಪಿನ ಬಾಡಿಗೆ ಕೊಡಿ.